ಬಿಡಬಾರದಂತೆ

ಪೆಡಲು ಇಳಿಯುತ್ತಿದೆ, ಪಾದದ ಕೆಳಗೆ ಮೆತ್ತಗೆ, ಕೆಸರಿನಲ್ಲಿ ಹಿಮ್ಮಡಿ ಹೂತುಹೋಗುವ ಹಾಗೆ, ಇದು ಬ್ರೇಕೋ ಹಳೆಯ ಹಾಸಿಗೆಯೋ — ಅಪ್ಪನ ಕಾಲದಲ್ಲಿ ಹೀಗಿರಲಿಲ್ಲ, ಅಪ್ಪ ಚಪ್ಪಲಿ ಬಿಚ್ಚಿ ಹೆಬ್ಬೆರಳು ಇಟ್ಟರೆ ಸಾಕಿತ್ತು, ಕಾರು ಮಾತು ಕೇಳುತ್ತಿತ್ತು — ಒತ್ತಬೇಕಂತೆ ಅತ್ತಿಗೆ, ಎಂದು ತಮ್ಮನ ಹೆಂಡತಿ ತೆರೆದ ಬಾಗಿಲಿಗೆ ಒರಗಿ ಹೇಳುತ್ತಾಳೆ, ಒತ್ಕೊಂಡೇ ಕೂತಿದೀನಿ ಅಂತ ಹೇಳು, ಎನ್ನುತ್ತಾಳೆ ಇವಳು, ಒತ್ಕೊಂಡೇ ಕೂತಿದಾರಂತೆ ರೀ, ಎಂದು ಹಿಂದಿನ ಚಕ್ರದ ಕಡೆ ಕತ್ತು ತಿರುಗಿಸುತ್ತಾಳೆ, ಅಲ್ಲಿ ಗೋಣಿಚೀಲದ ಮೇಲೆ ಮಲಗಿರುವ ತಮ್ಮ ಏನೋ ಗೊಣಗುತ್ತಾನೆ, ಆ ಗೊಣಗು ಹೆಂಡತಿಯ ಬಾಯಲ್ಲಿ ಸೋಸಿಕೊಂಡು, ಮುಳ್ಳು ಕಿತ್ತುಕೊಂಡು ಇವಳ ಕಿವಿಗೆ ಬರುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಬ್ರೇಕಿನ ಕೊಳವೆಯಲ್ಲಿ ಗಾಳಿ ಸೇರಿದೆ, ಅದನ್ನು ಹೊರಗೆ ಓಡಿಸಬೇಕು, ಅದಕ್ಕೆ ಇಬ್ಬರು ಬೇಕು, ಒಬ್ಬರು ಮುಂದೆ ಕೂತು ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿ ತಿರುಪು ಸಡಿಲಿಸಿ ಎಣ್ಣೆಯನ್ನೂ ಗಾಳಿಯನ್ನೂ ಬಾಟಲಿಗೆ ಇಳಿಸಬೇಕು, ತಿರುಪು ಮತ್ತೆ ಬಿಗಿಯಾಗುವ ತನಕ ಕಾಲು ಎತ್ತುವ ಹಾಗಿಲ್ಲ, ಎತ್ತಿದರೆ ಹೋದ ಗಾಳಿ ಪುನಃ ಒಳಗೆ. ಮಾತಾಡುವ ಇಬ್ಬರಿಗೆ ಒಂದು ಲೋಟ ಕಾಫಿ ಆರುವಷ್ಟು ಹೊತ್ತಿನ ಕೆಲಸ, ಮಾತು ಬಿಟ್ಟ ಇಬ್ಬರಿಗೆ ಬೆಳಗಿನಿಂದ ಮುಗಿದಿಲ್ಲ. ಈಗ ತಾನೇ ಹೀಗಾಯಿತು — ಬಿಡ, ಎಂದು ಕಿವಿಗೆ ಬಿತ್ತು, ಕಾಲೆತ್ತಿದಳು, ಬಾರದಂತೆ, ಎಂದು ಉಳಿದದ್ದು ಆಮೇಲೆ ಬಂತು, ಬಿಡಬಾರದಂತೆ ಅತ್ತಿಗೆ, ಅಯ್ಯೋ ಎತ್ತಿಬಿಟ್ರಾ, ಹಿಂದೆ ಬಾಟಲಿಯಲ್ಲಿ ಗುಳಗುಳ, ಸ್ಪ್ಯಾನರು ನೆಲಕ್ಕೆ ಬಡಿದ ಸದ್ದು, ಹಗುರ ಕಾಲಿನೋರು ಅಂತ ನಮ್ಮಪ್ಪ ಸರ್ಟಿಫಿಕೇಟ್ ಕೊಟ್ಟಿದ್ರಲ್ಲ, ಹಗುರಾನೇ ಸರಿ, ನಿಲ್ಲೋದೇ ಇಲ್ಲ ಅದು — ಇದನ್ನು ಯಾರೂ ತಲುಪಿಸಬೇಕಾಗಲಿಲ್ಲ, ನೇರವಾಗಿಯೇ ಕೇಳಿಸಿತು, ಕೇಳಿಸಲಿ ಎಂದೇ ಅಂದದ್ದು. ಅನ್ನಲಿ. ಹಂಗಿಸುವುದಕ್ಕಾದರೂ ಬಾಯಿ ತೆರೆದನಲ್ಲ. ಅವಳು ಬಂದಿರುವುದು ಬ್ರೇಕಿಗಲ್ಲ, ಕಾರಿಗೂ ಅಲ್ಲ, ಆ ಬಾಯಿಂದ ಒಂದು ಸಲ ಅಕ್ಕ ಎನ್ನಿಸಿಕೊಂಡು ಹೋಗುವುದಕ್ಕೆ, ಕೇಳಿ ಪಡೆಯುವುದಿಲ್ಲ, ಕೇಳಿ ಪಡೆದದ್ದು ಅಂಗಡಿಯಲ್ಲಿ ಕೊಂಡದ್ದಕ್ಕೆ ಸಮ, ಸಂಜೆಯೊಳಗೆ ತಾನಾಗಿ ಬಂದರೆ ಬಂತು, ಬಾರದಿದ್ದರೆ ಪರ್ಸಿನಲ್ಲಿರುವ ಕಾರಿನ ಬೀಗದ ಕೈಯನ್ನು ಈ ಸೀಟಿನ ಮೇಲೆ ಇಟ್ಟು ಬಸ್ಸು ಹತ್ತುವುದು, ಮತ್ತೆ ಈ ಮನೆಯ ಮೆಟ್ಟಿಲು ತುಳಿಯುವುದಿಲ್ಲ, ಇನ್ನು ಎಷ್ಟು ಸಲ ಬಂದುಹೋಗುವ ವಯಸ್ಸು ತಾನೇ ಇಬ್ಬರದೂ. ಫೋನಿನಲ್ಲಿ ತಮ್ಮನ ಹೆಂಡತಿ ಹೇಳಿದ್ದಳು, ಕೆಮ್ಮಜ್ಜಿ ತಯಾರಂತೆ ಅತ್ತಿಗೆ, ಬ್ರೇಕಿಗೆ ಒಂದು ಕಾಲು ಬೇಕಂತೆ, ಬೀಗದ ಕೈನೂ ತರ್ಬೇಕಂತೆ — ಕಾಲು ಬೇಕಂತೆ, ಕಾಲಿಗೇನು ಬರವೇ, ಈ ಬೀದಿಯಲ್ಲಿ ಮನೆಗೆ ನಾಲ್ಕಾರು ಕಾಲು ಓಡಾಡುತ್ತವೆ, ನನ್ನ ಮಂಡಿ ನೋವಿನ ಕಾಲೇ ಏಕೆ, ಎಂದು ಯೋಚಿಸಿಯೇ ಅಲ್ಲವೆ ಅವಳು ಬಸ್ಸು ಹತ್ತಿದ್ದು.

ಕೆಮ್ಮಜ್ಜಿ — ಚಳಿಯ ಬೆಳಗುಗಳಲ್ಲಿ ಕೆಮ್ಮದೆ ಎದ್ದವಳಲ್ಲ, ಹೆಸರಿಟ್ಟವನು ತಮ್ಮನೇ, ಹೊಸ ಕಾರಿಗೆ ಅಜ್ಜಿ ಅಂತೀಯೇನೋ ಎಂದು ಅಪ್ಪ ನಕ್ಕಿದ್ದರು, ಈಗ ನಿಜಕ್ಕೂ ಅಜ್ಜಿ, ಬೆನ್ನು ದುಂಡಗೆ, ಬಣ್ಣ ಬೂದಿ, ರೆಕ್ಸಿನ್ನಿನ ವಾಸನೆ, ಪೆಟ್ರೋಲು, ಅದರಡಿಯಲ್ಲಿ ಇನ್ನೊಂದು ವಾಸನೆ — ಕೋಳಿ, ಹೌದು ಕೋಳಿಯೇ, ಸೀಟಿನ ಹೊಲಿಗೆಯಲ್ಲಿ ಒಂದು ಪುಕ್ಕ ಇನ್ನೂ ಸಿಕ್ಕಿಕೊಂಡಿದೆ. ಅಪ್ಪ ಕನ್ನಡಕದವರು, ಊರೂರಿನ ಶಾಲೆಗಳಿಗೆ ಹೋಗಿ ಮಕ್ಕಳ ಕಣ್ಣು ಪರೀಕ್ಷಿಸುವವರು, ಹಿಂದಿನ ಸೀಟಿನಲ್ಲಿ ಮಸೂರಗಳ ಪೆಟ್ಟಿಗೆ, ಒಂದೊಂದು ಗಾಜಿಗೂ ಮಖಮಲ್ಲಿನ ಒಂದೊಂದು ಗೂಡು, ಆ ಕಡೆ ಇವಳು ಈ ಕಡೆ ತಮ್ಮ, ನಡುವೆ ಪೆಟ್ಟಿಗೆ, ಇಬ್ಬರೂ ತಬ್ಬಿ ಹಿಡಿಯಬೇಕು, ಅಲುಗಾಡಿದ್ರೆ ಶಾಲೆ ಶಾಲೆಯೇ ಕುರುಡಾಗುತ್ತೆ ನೋಡಿ, ಎನ್ನುತ್ತಿದ್ದರು ಅಪ್ಪ, ಮಕ್ಕಳು ಉಸಿರು ಬಿಗಿಹಿಡಿದು ಕೂರುತ್ತಿದ್ದರು, ದಾರಿಯುದ್ದಕ್ಕೂ ಗಾಜು ಗಾಜಿಗೆ ತಾಗಿ ಸಣ್ಣಗೆ ಕಿಣಿಕಿಣಿ, ನಿಂತಾಗ ತಮ್ಮ ಎಲ್ಲಕ್ಕಿಂತ ದಪ್ಪ ಗಾಜು ತೆಗೆದು ಕಣ್ಣಿಗೆ ಹಿಡಿಯುವನು, ಕಣ್ಣು ಮೊಟ್ಟೆಯಷ್ಟಾಗುವುದು, ನೋಡಕ್ಕ, ಕಾಣ್ತೀನಾಕ್ಕ, ನೀನೂ ಹಿಡಿಯಕ್ಕ — ಪ್ರತಿ ಮಾತಿಗೂ ಅಕ್ಕನನ್ನು ಬಾಲದ ಹಾಗೆ ಅಂಟಿಸದಿದ್ದರೆ ಅವನಿಗೆ ಮಾತು ಮುಗಿದ ಹಾಗೇ ಅಲ್ಲ, ಸುಮ್ನಿರೋ ಬಾಲಂಗೋಚಿ, ಎಂದು ಅವಳು ತಳ್ಳುತ್ತಿದ್ದಳು, ತಳ್ಳಿದಷ್ಟೂ ಹತ್ತಿರ. ಅಪ್ಪ ಅವಳಿಗೆ ಕಲಿಸಿದ್ದು ಶಾಲೆಯ ಮೈದಾನದಲ್ಲಿ, ಬ್ರೇಕು ತುಳಿಯೋದಲ್ಲ ಮಗಳೇ, ಕೇಳ್ಕೊಳ್ಳೋದು, ನಿಲ್ತೀಯಾ ಅಂತ ಮೆಲ್ಲಗೆ ಕೇಳು, ಅದು ನಿಲ್ಲುತ್ತೆ, ಅವಳು ಕೇಳಿಕೊಂಡಳು, ನಿಂತಿತು, ಗಾಜು ಕಿಣಿ ಎನ್ನಲಿಲ್ಲ. ತಮ್ಮನ ಸರದಿ ಬಂದಾಗ ಅವನು ಹಾವು ಕಂಡವನಂತೆ ತುಳಿದ, ಪೆಟ್ಟಿಗೆ ಹಾರಿತು, ಅಪ್ಪ ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು, ಮಂಡಿಯೂರಿ ಚೂರುಗಳನ್ನು ಆರಿಸುತ್ತ, ನಿನ್ನ ಕಾಲು ಭಾರ ಕಣೋ, ಎಂದರು, ಅಷ್ಟೇ, ಆ ಮಾತು ಆ ಹುಡುಗನ ಮೈಯೊಳಗೆ ಎಲ್ಲಿ ಹೋಗಿ ಕೂತಿತೋ, ಮತ್ತೆಂದೂ ಅವನು ಮುಂದಿನ ಸೀಟು ಹತ್ತಲಿಲ್ಲ, ಬಾನೆಟ್ಟಿನ ಕೆಳಗೇ ಉಳಿದ, ಕೈ ಕಪ್ಪು ಮಾಡಿಕೊಂಡ, ದೊಡ್ಡವನಾಗಿ ನೀರಿನ ಪಂಪುಗಳ ಕಾರ್ಖಾನೆ ಸೇರಿದ. ಅಪ್ಪ ಹೋಗುವ ಮುಂಚೆ ಬೀಗದ ಕೈ ತಂದು ಇವಳ ಅಂಗೈಯಲ್ಲಿ ಇಟ್ಟರು, ಕಾರು ಈ ಶೆಡ್ಡಿನಲ್ಲಿ, ತಮ್ಮನ ಮನೆಯಲ್ಲಿ, ಹೀಗೆ ಹಂಚಿ ಹೋದರು ಆ ದೊಡ್ಡ ಮನುಷ್ಯ, ಎಷ್ಟು ಕಣ್ಣು ನೋಡಿದವರಿಗೆ ಇದೊಂದು ಕಾಣಲಿಲ್ಲ. ಆಮೇಲೆ ಒಂದು ಸಂಜೆ ಅಡುಗೆಮನೆಯ ಮೇಜಿನ ಎರಡು ಕಡೆ ಅಕ್ಕ ತಮ್ಮ — ಬೀಗದ ಕೈ ಕೊಡು, ಕಾರು ತೆಗೀಬೇಕು, ಎಂದನೇ ಹೊರತು ಕೊಡಕ್ಕ ಎನ್ನಲಿಲ್ಲ, ನಾನು ಬಂದು ಓಡಿಸ್ತೀನಿ ಇರು, ಎಂದಳೇ ಹೊರತು ತಗೋ ಎನ್ನಲಿಲ್ಲ, ಹಾಗಾದ್ರೆ ಕೊರಳಿಗೆ ಕಟ್ಕೊಂಡು ಕೂತಿರು ಅದನ್ನ, ಎಂದ, ನೀನು ಕಾರಲ್ಲಿ ಕೋಳಿ ಸಾಕು ಹೋಗು, ಎಂದಳು, ಅಲ್ಲಿಗೆ ಮಾತು ನಿಂತಿತು — ಸಾಕಿದ, ಆ ಹಟಮಾರಿ ನಿಜವಾಗಿ ಸಾಕಿದ, ಹಿಂದಿನ ಸೀಟಿನಲ್ಲಿ ಕಾವು ಕೂರಿಸಿದ, ಮರಿಗಳಾದವು ಎಂದು ಹೆಂಡತಿಯ ಕೈಲಿ ಫೋನು ಮಾಡಿಸಿದ, ನಗಬೇಕೋ ಅಳಬೇಕೋ, ಅವಳು ರಿಸೀವರು ಇಟ್ಟು ಎರಡನ್ನೂ ಮಾಡಿದ್ದಳು.

ಸಾಕಾಯ್ತು ನಂಗೆ, ಎಂದಳು ತಮ್ಮನ ಹೆಂಡತಿ, ನನ್ನ ನಾಲಿಗೆ ಏನು ಬಾಡಿಗೆಗೆ ಇಟ್ಟಿದೀನಾ, ಒಲೆ ಮೇಲೆ ಹಾಲಿದೆ, ಅಕ್ಕ ತಮ್ಮ ನೀವೇ ಮಾತಾಡ್ಕೊಳ್ಳಿ, ಆಗಲ್ಲ ಅಂದ್ರೆ ಹೇಳಿ, ಇನ್ನೊಂದು ಕೋಳಿ ತಂದು ಕೂರಿಸ್ತೀನಿ, ಎಂದು ಹೋಗಿಯೇ ಬಿಟ್ಟಳು, ಚಪ್ಪಲಿಯ ಸದ್ದು ಅಂಗಳ ದಾಟಿತು, ಅಡುಗೆಮನೆಯ ಬಾಗಿಲು ಹಾಕಿಕೊಂಡಿತು. ಈಗ ಶೆಡ್ಡಿನಲ್ಲಿ ತಗಡಿನ ಮಾಡು ಬಿಸಿಲಿಗೆ ಟಿಣ್ ಟಿಣ್ ಎನ್ನುವುದೊಂದೇ. ಬಾಗಿಲಿನ ದುಂಡು ಕನ್ನಡಿಯಲ್ಲಿ ಅವನು ಪೂರ್ತಿ ಕಾಣುವುದಿಲ್ಲ, ಕೈ ಮಾತ್ರ, ಮೊಣಕೈಯಿಂದ ಬೆರಳಿನವರೆಗೆ, ಕೈಯ ಮೇಲಿನ ಕೂದಲು ಬೆಳ್ಳಗಾಗಿದೆ, ಯಾವಾಗ ಆಯಿತೋ, ಮಾತು ಬಿಟ್ಟಾಗ ಕಪ್ಪಗಿತ್ತು. ಆ ಕೈ ಸ್ಪ್ಯಾನರಿನ ಮೇಲೆ ಸುಮ್ಮನೆ ಕೂತಿದೆ, ಕಾಯುತ್ತಿದೆ, ಅವಳೂ ಕಾಯುತ್ತಾಳೆ, ನಾನು ಮೊದಲು ಅನ್ನುವುದಿಲ್ಲ, ಏಕೆ ಅನ್ನಬೇಕು — ಒತ್ತು, ಎಂದಿತು ಚಕ್ರದ ಕಡೆಯಿಂದ, ಗೋಡೆಗೆ ಹೇಳಿದ ಹಾಗೆ, ಹಿಂದಿಲ್ಲ ಮುಂದಿಲ್ಲ, ಒತ್ತಿದಳು, ಒತ್ತಿದೆ ಎಂದಳು ಅವಳೂ ಎದುರಿನ ಗಾಜಿಗೆ, ಹಿಡಿ, ಹಿಡಿದಿದೀನಿ, ಪೆಡಲು ಇಳಿಯಿತು, ಬಾಟಲಿಯಲ್ಲಿ ಗುಳಗುಳ, ಕನ್ನಡಿಯಲ್ಲಿ ಕೈ ತಿರುಗಿತು, ಬಿಡು. ಕಾಲೆತ್ತಿದಳು. ಒತ್ತು. ಹಿಡಿ. ಬಿಡು. ಈ ಬಿಡು ಎನ್ನುವುದು ಎಂಥ ಮಾತು, ಕಾರು ಬಿಡುವುದೂ ಅದೇ, ಮಾತು ಬಿಡುವುದೂ ಅದೇ, ಹೋಗಲಿ ಬಿಡು ಎಂದು ಬೆನ್ನು ಸವರುವುದೂ ಅದೇ, ಯಾವುದನ್ನು ಯಾರು ಯಾವಾಗ ಅಂದರೋ ತಿಳಿಯದೆ ಮನುಷ್ಯರು ಮುದುಕರಾಗುತ್ತಾರೆ — ಒತ್ತು. ಒತ್ತಿದೆ. ಒಂದು ಚಕ್ರ ಮುಗಿದು ಇನ್ನೊಂದು, ಬಾಟಲಿಯ ಎಣ್ಣೆ ಚಹಾ ಬಣ್ಣದಿಂದ ಜೇನಾಯಿತು, ಜೇನು ತಿಳಿಯಾಯಿತು, ಗುಳಗುಳ ಕಡಿಮೆಯಾಗಿ ಒಂದೊಂದೇ ಗುಳ್ಳೆ, ಆಮೇಲೆ ಅದೂ ಇಲ್ಲ, ಪಾದದ ಕೆಳಗೆ ಏನೋ ಎದ್ದು ಬರುತ್ತಿದೆ, ಕೆಸರು ಹೋಗಿ ನೆಲ ಸಿಗುವ ಹಾಗೆ, ಗಟ್ಟಿ, ಇನ್ನೂ ಗಟ್ಟಿ, ನಿಂತಿತು, ಎಂದಳು ಅವಳು ತನಗೇ ಗೊತ್ತಿಲ್ಲದೆ ಜೋರಾಗಿ, ಗೊತ್ತಾಯ್ತು, ಎಂದ ಅವನು. ಇನ್ನೂ ಅಕ್ಕ ಇಲ್ಲ. ಎಲ್ಲ ಮಾತೂ ಬಂತು, ಬಾಲ ಬರಲಿಲ್ಲ.

ಇನ್ನು ಬೀಗದ ಕೈ. ಪರ್ಸಿನ ಜಿಪ್ಪು ಎಳೆದು ತೆಗೆದಳು, ಬಗ್ಗಿದಳು, ಸ್ಟೀರಿಂಗಿನ ಕೆಳಗೆ ತೂತು ಹುಡುಕುವ ಬೆರಳಿಗೆ ಏನೋ ಬಟ್ಟೆಯಂಥದು ತಾಗಿತು, ಕನ್ನಡಕ ಮೇಲೆತ್ತಿ ನೋಡಿದಳು, ಗಾಯಕ್ಕೆ ಹಚ್ಚುವ ಪ್ಲಾಸ್ಟರು, ಕೀಲಿ ತೂತಿನ ಮೇಲೆ ಅಡ್ಡಡ್ಡ ಅಂಟಿಸಿದೆ, ಮೇಲಿನದು ಹೊಸದು, ಅಂಚು ಸುಲಿದರೆ ಅದರಡಿಯಲ್ಲಿ ಹಳದಿಗೆ ತಿರುಗಿದ್ದು, ಅದರಡಿಯಲ್ಲಿ ಕಂದಿಹೋದ ಇನ್ನೊಂದು, ಧೂಳು ಹೋಗದ ಹಾಗೆ ವರ್ಷ ವರ್ಷ ಯಾರೋ — ಯಾರೋ ಏನು ಬಂತು — ಒಂದೊಂದನ್ನೇ ಬಿಡಿಸಿದಳು, ಒಳಗೆ ಹಿತ್ತಾಳೆ ಹೊಸದರ ಹಾಗೆ ಹೊಳೆಯಿತು, ಎಣ್ಣೆ ಬಿಟ್ಟಿದೆ. ಅದರ ಹಿಂದಿನಿಂದ ಕೆಂಪು ವೈರು ಕಪ್ಪು ವೈರು, ಎಲ್ಲ ಹೊಸದು, ಅವನೇ ಎಳೆದದ್ದು, ಸಾಲಾಗಿ ಟೇಪು ಸುತ್ತಿ ಕಟ್ಟಿದ್ದಾನೆ, ಈ ಎರಡರ ತುದಿ ಸುಲಿದು ಒಂದಕ್ಕೊಂದು ತಾಗಿಸಿದ್ದರೆ ಸಾಕಿತ್ತು, ಎಂಜಿನ್ನು ಏಳುತ್ತಿತ್ತು, ಬೀಗದ ಕೈಯೂ ಬೇಡ, ಅಕ್ಕನೂ ಬೇಡ, ಬೀದಿಯವರು ಬೀಗದ ಕೈ ಕಳೆದುಕೊಂಡು ಬಂದರೆ ಅವನು ಮಾತಾಡುತ್ತಲೇ ಮಾಡಿಕೊಟ್ಟು ಕಳಿಸುತ್ತಾನಂತೆ, ಹೆಂಡತಿಯೇ ಹೇಳಿದ್ದು, ತನ್ನ ಕಾರಿಗೆ ಮಾತ್ರ, ಇಷ್ಟು ಕಾಲ, ಕೋಳಿ ಕೂರಿಸಿದವನು, ಈ ಎರಡು ತಂತಿ — ಅವಳಿಗೆ ಕೀಲಿ ಕಾಣುತ್ತಿಲ್ಲ, ಕಣ್ಣು ಒರೆಸಿಕೊಂಡಳು, ತೂತಿಗೆ ಇಟ್ಟಳು, ತಿರುಗಿಸಿದಳು. ಕೆಮ್ಮು. ಮತ್ತೆ ತಿರುಗಿಸಿದಳು, ಉದ್ದನೆಯ ಕೆಮ್ಮು, ಕಫ ಕಟ್ಟಿದ ಎದೆ, ಚೋಕು ಎಳೆ, ಎಂದ ಹಿಂದಿನಿಂದ, ಎಳೆದಳು, ತಿರುಗಿಸಿದಳು, ಸೀಟು ನಡುಗಿತು, ಬಾಗಿಲು ನಡುಗಿತು, ಹಲ್ಲು ನಡುಗಿತು, ನೀಲಿ ಹೊಗೆ, ಅಡುಗೆಮನೆಯಿಂದ ತಮ್ಮನ ಹೆಂಡತಿ ಸೌಟು ಹಿಡಿದೇ ಓಡಿಬಂದಳು, ಎದ್ಲಾ ಎದ್ಲಾ, ಎದ್ದಳು, ಕೆಮ್ಮಿ ಕೆಮ್ಮಿ ಎದ್ದಳು, ಗುರುಗುರು ಎಂದು ಒಂದೇ ಸಮನೆ ಉಸಿರಾಡತೊಡಗಿದಳು, ಗಾಜಿನ ಪೆಟ್ಟಿಗೆ ಇದ್ದಿದ್ದರೆ ಈಗ ಕಿಣಿಕಿಣಿ ಎನ್ನುತ್ತಿತ್ತು. ಶೆಡ್ಡಿನಿಂದ ಗೇಟಿನವರೆಗೆ ಇಳಿಜಾರು, ಕೈಬ್ರೇಕಿನ ತಂತಿ ಇನ್ನೂ ಹಾಕಿಲ್ಲ, ಚಕ್ರಕ್ಕೆ ಕೊಟ್ಟ ಇಟ್ಟಿಗೆಗಳನ್ನು ಅವನು ಒಂದೊಂದಾಗಿ ತೆಗೆಯುತ್ತಿದ್ದಾನೆ, ಕೊನೆಯದನ್ನು ಎಳೆದ, ಕನ್ನಡಿಯಲ್ಲಿ ಕೈ, ಕೈಯಲ್ಲಿ ಇಟ್ಟಿಗೆ, ಇನ್ನು ಕಾರಿಗೂ ಇಳಿಜಾರಿಗೂ ನಡುವೆ ಅವಳ ಕಾಲೊಂದೇ. ಬಾ, ಎಂದಳು ಅವಳು, ಗಾಜಿಗಲ್ಲ, ಕತ್ತು ಹೊರಳಿಸಿ, ಗೋಣಿಚೀಲದಿಂದ ಏಳುತ್ತಿದ್ದ ಅವನಿಗೆ, ಬಾ ಇಲ್ಲಿ ಕೂತ್ಕೋ, ನೀನು ಬಿಡು, ಭಾರ ಅಂತೆ ಭಾರ, ಅಪ್ಪಂಗೇನು ಗೊತ್ತು. ಕೈ ನಿಂತಿತು. ಎಂಜಿನ್ನು ಗುರುಗುರು ಎನ್ನುತ್ತಿದೆ, ಸೌಟಿನಿಂದ ಹಾಲು ತೊಟ್ಟಿಕ್ಕುತ್ತಿದೆ — ಬಿಡಕ್ಕ, ಎಂದ. ಬಿಡಕ್ಕ. ನೀನೇ ಬಿಡು ಎಂದನೋ, ಹೋಗಲಿ ಬಿಡು ಎಂದನೋ, ಬ್ರೇಕು ಬಿಡು ಎಂದನೋ, ಇದನ್ನು ತಿಳಿಹೇಳಲು ನಡುವೆ ಯಾರೂ ಇಲ್ಲ, ಕಾಲು ಎತ್ತಬೇಕು, ಎತ್ತುತ್ತಾಳೆ, ಇಗೋ ಈಗ, ಇನ್ನೊಂದು ಗಳಿಗೆ, ಬಿಡಕ್ಕ ಅಂದೆನಲ್ಲ, ಕೇಳಿಸ್ತಾ, ಎನ್ನುತ್ತಿದ್ದಾನೆ, ಕೇಳಿಸಿತು, ಕೇಳಿಸದ ಹಾಗೆ ಒತ್ತಿಯೇ ಹಿಡಿದಿದ್ದಾಳೆ, ಪಾದದ ಕೆಳಗೆ ಗಟ್ಟಿ ನೆಲ, ದುಂಡು ಕನ್ನಡಿಯಲ್ಲಿ ಬೆಳ್ಳನೆ ಕೂದಲಿನ ಕೈ, ಕೈಯಲ್ಲಿ ಇಟ್ಟಿಗೆ, ಕೆಳಗಿಡುವುದು ಮರೆತ ಕೈ, ಕೈ