ಅರ್ಧ ಸೇರು ಅಳ್ಳು

ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಸಾಮಾನಿನ ಚೀಟಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿತ್ತು. ಹಾಸನದಲ್ಲಿ ಮಿಡ್ಲ್ ಸ್ಕೂಲು ಮುಗಿಸಿ ಬಂದ ಸೊಸೆ ನಾನು, ಸುವರ್ಣ. ನಮ್ಮ ಯಜಮಾನರದು ದಿನಸಿ ಅಂಗಡಿ. ಅವರ ಹೆಸರು ಚನ್ನಬಸವಯ್ಯ; ಬಾಯಲ್ಲಿ ಹೇಳುವ ಹಾಗಿಲ್ಲ, ಬರೆದರೆ ತಪ್ಪಿಲ್ಲ. ಬೆಳಿಗ್ಗೆ ನಾನು ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತರೆ, ಹಬ್ಬಕ್ಕೆ, ಬಾಣಂತನಕ್ಕೆ, ತಿಂಗಳಿಗೆ ಏನೇನು ಬೇಕೆಂದು ಜನ ಹೇಳುವುದು, ನಾನು ಬರೆಯುವುದು, ಆ ಚೀಟಿ ನಮ್ಮ ಅಂಗಡಿಗೆ ಹೋಗುವುದು. ಯುದ್ಧದ ಕಾಲ, ಕಾಗದಕ್ಕೂ ಬರ. ಹಳೆಯ ಲಗ್ನಪತ್ರಿಕೆಗಳ ಬೆನ್ನಿನ ಮೇಲೆ ಬರೆಯುತ್ತಿದ್ದೆ.

ನನ್ನ ಚೀಟಿಗೆ ಒಂದು ಕ್ರಮವಿತ್ತು. ಕಾಗದವನ್ನು ನಡುವೆ ಮಡಿಸುತ್ತಿದ್ದೆ. ಮಡಿಕೆಯ ಮೇಲೆ ತರಬೇಕಾದ ಸಾಮಾನು, ಅದು ಅಂಗಡಿಗೆ. ಕೆಳಗೆ ಮಾಡಬೇಕಾದ ಕೆಲಸ, ಅದು ಮನೆಗೆ. ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂಬುದು ಅಂಗಡಿಯವರಿಗೆ ಯಾಕೆ? ಯಜಮಾನರೂ ಮೇಲಿನ ಅರ್ಧ ಓದಿ ಸಾಮಾನು ಕಟ್ಟಿ, ಚೀಟಿಯನ್ನು ಗಂಟಿನೊಳಗೇ ಇಟ್ಟು ಕಳಿಸುತ್ತಿದ್ದರು.

ಇನ್ನೊಂದು ಅಭ್ಯಾಸ, ತಿದ್ದುವುದು. ನಮ್ಮ ಕಡೆಯವರ ಬಾಯಲ್ಲಿ ಹಕಾರ ನಿಲ್ಲುವುದೇ ಇಲ್ಲ. ಹೆಸರುಕಾಳು ಎಸರುಕಾಳಾಗುತ್ತದೆ, ಹುಣಸೆಹಣ್ಣು ಉಣಸೆಣ್ಣಾಗುತ್ತದೆ. ಅವರು ನುಂಗಿದ ಹಕಾರಗಳನ್ನೆಲ್ಲ ನಾನು ಹೆಕ್ಕಿ ಚೀಟಿಯಲ್ಲಿ ಕೂರಿಸುತ್ತಿದ್ದೆ.

"ಅಕ್ಕಿ ಎರಡು ಸೇರು ಅಂದೋರಿಗೆ ಹಕ್ಕಿ ಎರಡು ಸೇರು ಅಂತ ಬರೆದ್ಬಿಟ್ಟೀಯ. ನಾನು ಬಲೆ ಹಿಡ್ಕೊಂಡು ಹೊಳೆದಂಡೆಗೆ ಹೋಗ್ಬೇಕಾಗುತ್ತೆ" ಎಂದು ಯಜಮಾನರು ರೇಗಿಸುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಅಂಥ ತಪ್ಪು ಮಾಡುವವಳು ನಾನಲ್ಲ ಎನ್ನುತ್ತಿದ್ದೆ.

ನಲವತ್ತಮೂರನೇ ಇಸವಿ, ಶಿವರಾತ್ರಿಗೆ ಇನ್ನೂ ಹದಿನೈದು ದಿನವಿತ್ತು. ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಲಕ್ಕಯ್ಯ ಬೆಳಿಗ್ಗೆಯೇ ಬಂದು ಜಗುಲಿಯ ಕೆಳಗೆ ನಿಂತ. ಅವರ ಜನ ಜಗುಲಿ ಹತ್ತುವಂತಿರಲಿಲ್ಲ, ನಾವೂ ಹತ್ತಿ ಎನ್ನುತ್ತಿರಲಿಲ್ಲ. ಅವನ ಹೆಂಡತಿ ಮಕ್ಕಳು ಇರುವುದು ಕೊಣನೂರಿನಲ್ಲಿ. ಆರು ವರ್ಷದ ಮಗಳು ಮಲ್ಲಿಗಮ್ಮನಿಗೆ ಇಪ್ಪತ್ತೊಂದು ದಿನದ ಜ್ವರ, ಅಂದಿಗೆ ಹತ್ತೊಂಬತ್ತನೆಯ ದಿನ. ಅವನು ನಮ್ಮೂರಿನ ಪಂಡಿತರನ್ನು ಕೇಳಿಕೊಂಡು ನೇರ ನನ್ನ ಹತ್ತಿರ ಬಂದಿದ್ದ. ಒಂಬತ್ತಕ್ಕೆ ಕೊಣನೂರಿನ ಬಸ್ಸು, ಅದಕ್ಕೂ ಮೊದಲೇ ಗಿರಣಿಯ ಕೂಗು. ನಿಂತಲ್ಲಿ ನಿಲ್ಲಲಾರದೆ ಕಾಲು ಬದಲಾಯಿಸುತ್ತಿದ್ದ.

"ಪಂಡಿತ್ರು ಅಳ್ಳು ಯೇಳವ್ರೆ ಕಣವ್ವಾ. ಅರ್ದ ಸೇರು. ಬೇಯ್ಸಿ ಸೋಸಿ, ದೀಪ ಅಚ್ಚೋ ಒತ್ಗೆ ಒಂದು ಒಳಲೆ ಕುಡುಸ್ಬೇಕಂತೆ. ಆಮ್ಯಾಕೆ ಇನ್ನೊಂದು ಮಾತು ಯೇಳವ್ರೆ..."

"ಚೀಟಿಗೆ ಸಾಮಾನು ಹೇಳು, ಅಳತೆ ಹೇಳು. ಪುರಾಣ ಬೇಡ" ಎಂದೆ.

ಅವನು ಬಾಯಿ ಮುಚ್ಚಿಕೊಂಡ.

ಸೀಮೆಎಣ್ಣೆ ಸಿಗದೆ ಊರೆಲ್ಲ ಹರಳೆಣ್ಣೆಯ ದೀಪ ಹಚ್ಚುತ್ತಿದ್ದ ದಿನಗಳವು. ಆ ವಾರ ನಾನು ಬರೆದ ಹತ್ತು ಚೀಟಿಯಲ್ಲಿ ಎಂಟರಲ್ಲಿ ಹರಳು ಇತ್ತು, ಬರೆಸಿದವರೆಲ್ಲ ಅದನ್ನು ಅಳ್ಳು ಎಂದೇ ಕರೆದಿದ್ದರು. ಮಕ್ಕಳ ಹೊಟ್ಟೆ ಕಟ್ಟಿದರೆ ಹರಳೆಣ್ಣೆ ಕುಡಿಸದ ಮನೆ ಯಾವುದಿದೆ? ಹರಳು ಕುಟ್ಟಿ ಬೇಯಿಸುತ್ತಾರೆ, ಸೋಸುತ್ತಾರೆ, ಒಳಲೆಯಲ್ಲಿ ತುಂಬಿ ಮಗುವಿನ ಬಾಯಿಗೆ ಹಾಕುತ್ತಾರೆ. ಎಲ್ಲ ತಾಳೆಯಾಯಿತು. ಮಡಿಕೆಯ ಮೇಲೆ ದುಂಡಗೆ ಬರೆದೆ: ಹರಳು, ಅರ್ಧ ಸೇರು. ಕೆಳಗೆ ಬರೆದೆ: ಬೇಯಿಸಿ, ಸೋಸಿ, ದೀಪ ಹಚ್ಚುವ ಹೊತ್ತಿಗೆ ಮಗುವಿಗೆ ಒಂದು ಒಳಲೆ. ಚೀಟಿಯನ್ನು ಜಗುಲಿಯ ಅಂಚಿನಲ್ಲಿಟ್ಟೆ. ಅವನು ಅದನ್ನೆತ್ತಿ ಕಣ್ಣಿಗೊತ್ತಿಕೊಂಡು ಓಡಿದ. ಅಂಗಡಿಗೆ ಚೀಟಿ ಕೊಟ್ಟು, ಗಂಟನ್ನು ಬಸ್ಸಿಗೆ ಹಾಕಿಸಿ ಎಂದು ಹೇಳಿ ಹಾಗೆಯೇ ಗಿರಣಿಗೆ ಹೋದನಂತೆ.

ಯಜಮಾನರು ಊಟಕ್ಕೆ ಬರುವುದು ಹನ್ನೊಂದು ಗಂಟೆಗೆ. ಮುದ್ದೆ ಮುರಿಯುತ್ತಾ ಅವರು ಹೇಳಿದರು, "ಪಂಡಿತರು ಜ್ವರದೋರಿಗೆಲ್ಲ ಅರಳಿನ ಗಂಜಿ ಹೇಳ್ತಾರೆ ಅಂತ ಒಂದು ಡಬ್ಬ ಭತ್ತದ ಅರಳು ತರಿಸಿಟ್ಟೆ ನೋಡು, ಕೇಳೋರೇ ಇಲ್ಲ. ಇವತ್ತು ಲಕ್ಕಯ್ಯನೂ ಅವರ ಹತ್ರದಿಂದಲೇ ಬಂದೋನು, ಅವನೂ ಹರಳು ತಗೊಂಡ. ಮನೇಲಿ ದೀಪಕ್ಕೆ ಪರದಾಟ ಇರ್ಬೇಕು, ಪಾಪ."

ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಭತ್ತ ಹುರಿದರೆ ಅರಳುತ್ತದಲ್ಲ, ಆ ಅರಳು. ಅದನ್ನೂ ನಮ್ಮ ಜನ ಅನ್ನುವುದು ಅಳ್ಳು ಎಂದೇ. ಎರಡು ಅಳ್ಳಿನಲ್ಲಿ ನಾನು ಒಂದಕ್ಕೆ ಇಲ್ಲದ ಹಕಾರ ಹಚ್ಚಿ ಕಳಿಸಿದ್ದೆ.

"ಅದು ದೀಪಕ್ಕಲ್ಲ, ಮಗೂಗೆ" ಎಂದೆ.

ಅವರು ಎಲೆ ಬಿಟ್ಟು ಎದ್ದರು. ನಾನೂ ಹೊರಟೆ. ಅತ್ತೆ ಬಸವಲಿಂಗಮ್ಮನವರು ಬಾಗಿಲಿಗೆ ಅಡ್ಡ ನಿಂತು, "ಅವನು ಹೋಗಿ ಬತ್ತಾನೆ, ನೀನ್ಯಾಕೆ ಬೀದೀಲಿ ಓಡ್ತೀಯೆ?" ಎಂದರು. "ಬರೆದೋಳು ನಾನು ಅತ್ತೆಮ್ಮ" ಎಂದೆ. ಅವರು ಪಕ್ಕಕ್ಕೆ ಸರಿದರು. ಮದುವೆಯಾಗಿ ಬಂದ ಮೇಲೆ ಅವರ ಮಾತು ಮೀರಿದ್ದು ಅದೇ ಮೊದಲು.

ಗಿರಣಿಯಲ್ಲಿ ಲಕ್ಕಯ್ಯ ಬೆನ್ನ ಮೇಲೆ ಮೂಟೆ ಹೊತ್ತು ಬರುತ್ತಿದ್ದ. "ಲಕ್ಕಯ್ಯ, ತಪ್ಪಾಯ್ತು. ನಾನು ಚೀಟೀಲಿ ಹರಳು ಅಂತ ಬರೆದುಬಿಟ್ಟೆ" ಎಂದೆ.

"ಊಂ ಕಣವ್ವಾ, ಅಳ್ಳು. ಅದ್ನೇ ಅಲ್ವಾ ಪಂಡಿತ್ರು ಯೇಳಿದ್ದು?"

"ಅದಲ್ಲಪ್ಪ. ಎಣ್ಣೆ ತೆಗೀತಾರಲ್ಲ, ಆ ಹರಳು."

ಮೂಟೆ ಧೊಪ್ಪೆಂದು ಕೆಳಗೆ ಬಿತ್ತು. ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಆ ಇನ್ನೊಂದು ಮಾತು ಅದೇಯ ಕಣವ್ವಾ" ಎಂದ. "ಒಟ್ಟೆ ಕಳಿಯಾದು ಏನೂ ಕೊಡ್ಬ್ಯಾಡಿ, ಈ ಜ್ವರದಲ್ಲಿ ಕಳ್ಳು ಎಳೆಗೂಸಿನ ಚರ್ಮದಂಗೆ ಆಗಿರ್ತದೆ, ತೂತು ಬಿದ್ರೆ ಕೂಸು ಉಳಿಯಾಕಿಲ್ಲ ಅಂದ್ರು. ಅದ್ನೇ ಬರುಸ್ಬೇಕು ಅಂತಿದ್ದೆ."

ಕರುಳು ಎನ್ನುವುದನ್ನು ಅವನು ಕಳ್ಳು ಎಂದ. ಅದನ್ನು ಮನಸ್ಸಿನಲ್ಲೇ ತಿದ್ದಿಕೊಂಡೆ. ಆ ಗಳಿಗೆಯಲ್ಲೂ ತಿದ್ದಿಕೊಂಡೆನಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಬಸ್ಸು ಹೋಗಿ ಆಗಲೇ ಎರಡು ತಾಸು ಮೀರಿತ್ತು. ಇನ್ನೊಂದು ಬಸ್ಸು ಮಾರನೆಯ ದಿನವೇ. ಗಿರಣಿಯ ಲಾರಿ ಭತ್ತ ತರಲು ಕೊಣನೂರಿಗೆ ಹೊರಡುವುದರಲ್ಲಿತ್ತು, ಅದೊಂದೇ ದಾರಿ. ಪೆಟ್ರೋಲಿಲ್ಲದ ಕಾಲ, ಲಾರಿಯ ಬೆನ್ನಿಗೆ ಇದ್ದಿಲ ಒಲೆ ಕಟ್ಟಿದ್ದರು; ಅದರ ಅನಿಲದಿಂದಲೇ ಇಂಜಿನ್ನು ಓಡಬೇಕು. ಒಲೆ ಕಾದು ಲಾರಿ ಹೊರಡುವಾಗ ಗಂಟೆ ಒಂದು. ಡ್ರೈವರ್ ಪಾಲಾಕ್ಷನ ಪಕ್ಕ ಯಜಮಾನರು, ಅವರ ಪಕ್ಕ ನಾನು, ಬಾಗಿಲ ಕಡೆ ಲಕ್ಕಯ್ಯ. ಅವನ ತೋಳು ನನ್ನ ತೋಳಿಗೆ ತಾಗುತ್ತಿತ್ತು. ಅವನು ಮುದುಡಿಕೊಂಡು ಕೂತ.

"ದೀಪದ ಹೊತ್ತಿಗೆ ಮುಟ್ತೀವಾ ಪಾಲಾಕ್ಷ?" ಎಂದು ಯಜಮಾನರು ಕೇಳಿದರು.

"ಒಲೆ ಉರುದ್ರೆ ಮುಟ್ತೀವಿ ಸಾ. ಉರೀದಿದ್ರೆ ಆ ದ್ಯಾವ್ರೇ ತಳ್ಬೇಕು."

ದಿಬ್ಬ ಬಂದಾಗಲೆಲ್ಲ ಲಾರಿ ಏದುಸಿರು ಬಿಡುತ್ತಿತ್ತು. ನಡೆದುಕೊಂಡು ಹೋಗುವವರು ನಮ್ಮನ್ನು ದಾಟಿ ಮುಂದೆ ಹೋದರು. ನಾನು ಗಾಜಿನಾಚೆ ನೋಡುತ್ತಾ ಲೆಕ್ಕ ಹಾಕುತ್ತಿದ್ದೆ. ಬಸ್ಸು ಮಧ್ಯಾಹ್ನ ಮುಟ್ಟಿರುತ್ತದೆ. ಹರಳು ಹುರಿಯುವುದಕ್ಕೆ ಇಷ್ಟು ಹೊತ್ತು, ಕುಟ್ಟುವುದಕ್ಕೆ ಇಷ್ಟು, ಬೇಯಿಸುವುದಕ್ಕೆ ಇಷ್ಟು. ಇಷ್ಟು ಹೊತ್ತಿಗೆ ಎಣ್ಣೆ ಮೇಲೆ ಬಂದಿರುತ್ತದೆ. ಜೀವಮಾನವೆಲ್ಲ ಅಚ್ಚುಕಟ್ಟಾಗಿ ಪಟ್ಟಿ ಮಾಡಿದವಳ ತಲೆ, ಒಂದು ಮಗುವನ್ನು ಕೊಲ್ಲುವ ಕೆಲಸವನ್ನೂ ಒಂದೊಂದಾಗಿ ಪಟ್ಟಿ ಮಾಡುತ್ತಿತ್ತು. ಶಿವನೇ, ಆ ಸಣ್ಣಕ್ಕ ಸೋಮಾರಿಯಾಗಿರಲಿ, ಮರೆಗುಳಿಯಾಗಿರಲಿ, ನನ್ನ ಚೀಟಿಯನ್ನು ಒಲೆಗೆ ಹಾಕಿರಲಿ ಎಂದು ಬೇಡಿಕೊಂಡೆ. ಸಣ್ಣಕ್ಕ ಎಂದರೆ ಲಕ್ಕಯ್ಯನ ಹೆಂಡತಿ, ನಾನು ಕಂಡವಳಲ್ಲ.

"ನಿನ್ನ ಹೆಂಡ್ತಿಗೆ ಓದೋಕೆ ಬರುತ್ತಾ?" ಎಂದು ಲಕ್ಕಯ್ಯನನ್ನು ಕೇಳಿದೆ.

"ಇಲ್ಲ ಕಣವ್ವಾ. ನಮ್ಮಣ್ಣ ಬೈರಯ್ಯಂಗೆ ಅಕ್ಸರ ಬತ್ತದೆ. ಅವ್ನೇ ಓದೋದು." ರಸ್ತೆಯನ್ನೇ ನೋಡುತ್ತಾ ಮತ್ತೆ ಹೇಳಿದ, "ನೀವು ಬರ್ದಿದ್ದು ಅಂದ್ರೆ ಅವ್ಳು ಎಲ್ಡು ಮಾತು ಆಡಾಕಿಲ್ಲ."

ಅರಕಲಗೂಡಿನಲ್ಲಿ ಒಲೆ ಮಂಕಾಗಿ ಲಾರಿ ನಿಂತೇಬಿಟ್ಟಿತು. ಬೂದಿ ಕೆದಕಿ, ಇದ್ದಿಲು ತುಂಬಿ, ಗಾಳಿಯಂತ್ರದ ಹಿಡಿ ತಿರುಗಿಸಬೇಕು. ಲಕ್ಕಯ್ಯ ತಿರುಗಿಸಿದ, ಅವನು ಸೋತಾಗ ಯಜಮಾನರು ತಿರುಗಿಸಿದರು. ಬಿಳಿ ಅಂಗಿಯೆಲ್ಲ ಮಸಿಯಾಯಿತು. ಒಂದು ಗಂಟೆ ಹೋಯಿತು. ಲಾರಿ ಮತ್ತೆ ಹೊರಟಾಗ ಹೊತ್ತು ಇಳಿಯುತ್ತಿತ್ತು.

ಕೊಣನೂರಿನ ಹತ್ತಿರ ಬಂದಾಗ ಮೊದಲನೆಯ ಮನೆಯಲ್ಲಿ ದೀಪ ಕಂಡಿತು. ಆಮೇಲೆ ಇನ್ನೊಂದು. ಕೇರಿಯ ತಿರುವಿನಲ್ಲಿ ಲಾರಿ ಪೂರ್ತಿ ನಿಲ್ಲುವ ಮೊದಲೇ ಲಕ್ಕಯ್ಯ ಧುಮುಕಿದ. ನಾನು ಸೀರೆ ಎತ್ತಿ ಕಟ್ಟಿ ಅವನ ಹಿಂದೆ ಓಡಿದೆ. ಅವನ ಕಾಲು ಏನನ್ನೋ ಎಡವಿತು, ಬಿದ್ದ, ನಾನು ಅವನನ್ನು ದಾಟಿ ಓಡಿದೆ. ಬಾಗಿಲಲ್ಲಿ ಕೂತಿದ್ದ ಮುದುಕ, "ಅಯ್ಯಯ್ಯೋ, ಯಾರವ್ವಾ, ಒಳೀಕೆ ಬರ್ಬ್ಯಾಡಿ" ಎಂದು ಎದ್ದ. ನಾನು ಒಳಗೆ ನುಗ್ಗಿದೆ.

ಗೋಡೆಯ ಗೂಡಿನಲ್ಲಿ ಹಣತೆ ಉರಿಯುತ್ತಿತ್ತು. ಕಡ್ಡಿಯಂತಾದ ಮಗುವೊಂದು ತಾಯಿಯ ತೊಡೆಯ ಮೇಲೆ ಮಲಗಿತ್ತು. ತಾಯಿಯ ಕೈಯಲ್ಲಿ ಒಳಲೆ, ಅದರ ಮೂತಿ ಮಗುವಿನ ತುಟಿಗೆ ತಾಗಿತ್ತು.

ಬೀಸಿ ಹೊಡೆದೆ. ಒಳಲೆ ಹಾರಿ ಗೋಡೆಗೆ ಬಡಿಯಿತು. ಮಗು ಚೀರಿತು, ತಾಯಿ ಅದನ್ನು ಅವುಚಿಕೊಂಡು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು. ನನ್ನ ಕೈಮೇಲೆ ಚೆಲ್ಲಿದ್ದು ಬೆಚ್ಚಗಿತ್ತು. ಮೂಸಿದೆ. ಎಣ್ಣೆಯಲ್ಲ. ಬೆಳ್ಳಗಿನ ಗಂಜಿ, ಹುರಿದ ಭತ್ತದ ವಾಸನೆ.

ನಾನು ಗೊಳೋ ಎಂದು ಅತ್ತುಬಿಟ್ಟೆ.

ಲಕ್ಕಯ್ಯ ಕುಂಟುತ್ತಾ ಬಂದು, ಉಸಿರು ಸಿಗದೆಯೇ ಹೆಂಡತಿಯನ್ನು ಕೇಳಿದ. ಅವಳು ಮೂಲೆಯಲ್ಲಿದ್ದ ನಮ್ಮ ಅಂಗಡಿಯ ಗಂಟನ್ನು ತೋರಿಸಿದಳು. ಹರಳು ಕಟ್ಟಿದ ಹಾಗೇ ಇತ್ತು.

"ಅಂಗ್ಡಿಯೋರು ತಪ್ಪು ಕಟ್ಟವ್ರೆ" ಎಂದಳು. "ಚೀಟೀಲಿ ಸರ್ಯಾಗೇ ಅದೆ. ಬಾವಯ್ಯ ಓದುದ್ರಲ್ಲ, ಅಳ್ಳು ಅಂತ. ಜ್ವರದ್ ಕೂಸ್ಗೆ ಗಂಜಿ ಅಳ್ಳಲ್ದೆ ಎಣ್ಣೆ ಅಳ್ಳು ಕೊಟ್ಟಾರಾ? ಮನೇಲಿ ಒಂದಿಷ್ಟು ಬತ್ತ ಇತ್ತು, ಉರುದ್ಬುಟ್ಟು ಬೇಯ್ಸ್ದೆ."

ಬಾಗಿಲಿನ ಆ ಮುದುಕನೇ ಲಕ್ಕಯ್ಯನ ಅಣ್ಣ; ಅವನನ್ನು ಕರೆದು ಚೀಟಿ ಓದಿಸಿದೆ. ಬೈರಯ್ಯ ಹಣತೆಯ ಹತ್ತಿರ ಹಿಡಿದು, ಬೆರಳಿಟ್ಟು, ನಾನು ದುಂಡಗೆ ಬರೆದಿದ್ದ ಹಕಾರವನ್ನು ಕಣ್ಣಾರೆ ನೋಡಿಯೇ ಓದಿದ: "ಅ... ರ... ಳು. ಅಳ್ಳು."

ಅಷ್ಟು ಹೊತ್ತಿಗೆ ಯಜಮಾನರು ಬಂದು ಬಾಗಿಲಲ್ಲಿ ನಿಂತಿದ್ದರು. ಸಣ್ಣಕ್ಕನ ಮಾತು ಅವರ ಕಿವಿಗೆ ಬಿದ್ದಿತ್ತು. "ತಪ್ಪಾಯ್ತಮ್ಮ, ಕಟ್ಟೋವಾಗ ಕೈತಪ್ಪಿತು" ಎಂದುಬಿಟ್ಟರು.

ಅದನ್ನು ನನ್ನಿಂದ ತಡೆಯಲಾಗಲಿಲ್ಲ. "ಇಲ್ಲ ಸಣ್ಣಕ್ಕ, ಅವರು ಸರಿಯಾಗೇ ಕಟ್ಟಿದಾರೆ. ತಪ್ಪು ಬರೆದೋಳು ನಾನು. ಅರಳು ಅಂತ ಬರೀಬೇಕಿತ್ತು, ಹರಳು ಅಂತ ಬರೆದೆ."

ಸಣ್ಣಕ್ಕ ನನ್ನ ಮುಖವನ್ನೇ ನೋಡಿದಳು. ಅವಳ ಕಣ್ಣಲ್ಲಿ ಕರುಣೆಯಿತ್ತು, ದಾರಿಯಲ್ಲಿ ಬಿಸಿಲು ಹೊಡೆದು ಬಂದವರಿಗೆ ತೋರಿಸುವಂಥದು. "ಅದ್ನೇ ಕಣವ್ವಾ ನಾನೂ ಯೇಳ್ತಿರಾದು" ಎಂದಳು ಮೆಲ್ಲಗೆ. "ಅಳ್ಳು. ನೀವು ಬರ್ದಿದ್ದು ಸರ್ಯಾಗೇ ಅದೆ."

ಇನ್ನೊಮ್ಮೆ ಹೇಳಿದೆ. ಹಕಾರವನ್ನು ಹೊಟ್ಟೆಯಿಂದ ಒತ್ತಿ ಹೇಳಿದೆ. ಅವಳು ತಲೆಯಾಡಿಸಿ, ಬಿದ್ದಿದ್ದ ಒಳಲೆಯನ್ನು ತೊಳೆದು ಮಡಕೆಯಿಂದ ಮತ್ತೆ ಗಂಜಿ ತುಂಬಿಕೊಂಡಳು. ಮಲ್ಲಿಗಮ್ಮ ಒಂದೊಂದೇ ಗುಟುಕು ನುಂಗಿತು.

ಲಕ್ಕಯ್ಯನಿಗೆ ಎಲ್ಲ ಗೊತ್ತಿತ್ತು. ಅವನು ಗೋಡೆಗೆ ಒರಗಿ ಮಗಳನ್ನೇ ನೋಡುತ್ತಿದ್ದ. ನಾನು ಕಣ್ಣೊರಸಿಕೊಂಡು ಸೆರಗಿನ ತುದಿಯಲ್ಲಿ ಕಟ್ಟಿದ್ದ ಪೆನ್ಸಿಲ್ಲು ಬಿಚ್ಚಿದೆ, ಬೈರಯ್ಯನಿಂದ ಚೀಟಿ ಇಸಿದುಕೊಂಡೆ.

"ಪಂಡಿತರು ಹೇಳಿದ ಆ ಇನ್ನೊಂದು ಮಾತು ಹೇಳು ಲಕ್ಕಯ್ಯ, ಬರೆದುಕೊಡ್ತೀನಿ. ನೀನು ಹೇಳಿದ ಹಾಗೇ ಬರೀತೀನಿ."

ಅವನು ಒಂದು ಗಳಿಗೆ ಪೆನ್ಸಿಲ್ಲನ್ನೇ ನೋಡಿದ.

"ಬರೀಬ್ಯಾಡಿ ಅವ್ವಾ" ಎಂದ. "ನಾನೇ ಬಾಯಲ್ಲಿ ಯೇಳ್ತೀನಿ."

ಆಮೇಲೆ ಹೆಂಡತಿಯ ಪಕ್ಕ ಕೂತು, ಅವಳಿಗೆ ಕೇಳುವಷ್ಟೇ ಮೆಲ್ಲಗೆ ಹೇಳತೊಡಗಿದ. ನಾನು ಪೆನ್ಸಿಲ್ಲನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡೆ.