ಖಾಲಿ ಗಾಡಿಯ ತೂಕ

ಸಿಂಧನೂರಿನ ಮಿಲ್ಲಿನಲ್ಲಿ ಆರ್.ಎಚ್. ಕ್ಯಾಂಪಿನ ರೈತರ ಭತ್ತ ಇಳಿಸಿ, ಖಾಲಿ ಪಿಕಪ್ಪನ್ನು ಗಾಡಿ ತೂಗುವ ಕಾಂಟಾದ ಮೇಲೆ ನಿಲ್ಲಿಸಿ ವೀರೇಂದ್ರ ಕೆಳಗಿಳಿದ. ತೂಕ ನೋಡುವ ಮಕ್ತುಮ್‌ಸಾಬ್ ಕಿಟಕಿಯಿಂದ ಇಣುಕಿದ.

“ಒಳಗ ಯಾರು ಕುಂತಾರ? ಇಳಸಪ್ಪ ಅವರ್ನ.”

“ಯಾರೂ ಇಲ್ಲ, ಚಾಚಾ.”

“ಮತ್ತ ಒಂದಾಳಿನ ತೂಕ ಜಾಸ್ತಿ ತೋರ್ಸಾಕತ್ತೈತಿ. ನಿನ್ನೆನೂ ಹಿಂಗ ಆತು. ಖಾಲಿ ಗಾಡಿ ತೂಕ ಹೆಚ್ಚಾದ್ರ ಅವರ ಭತ್ತದ ಲೆಕ್ಕ ಕಡಿಮಿ ಬೀಳತೈತಿ. ಕ್ಯಾಂಪಿನ ಮಂದಿಗೆ ಗೊತ್ತಾದ್ರ ನಿನ್ನ ಗಾಡ್ಯಾಗ ಭತ್ತ ಹಾಕ್ತಾರೇನು?”

ವೀರೇಂದ್ರ ಹಿಂದೆ ಹೋಗಿ ನೋಡಿದ. ಗಾಡಿಯ ತುಂಬ ಭತ್ತದ ಧೂಳು ಕೂತಿತ್ತು. ಕ್ಯಾಬಿನ್ನಿಗೆ ಹತ್ತಿದ ಒಂದು ಮೂಲೆ ಮಾತ್ರ ಒರೆಸಿಟ್ಟಷ್ಟು ಸ್ವಚ್ಛವಾಗಿತ್ತು.

ಹೋದ ವಾರ ಅವ್ವ ಸಂಗಮ್ಮ ಲಿಂಗಸುಗೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಾಗ, ಕುರ್ಚಿಯ ಮೇಲೆ ಕೂರಿಸಿ, ಸೀರೆಯಿಂದ ಬಿಗಿದು ತಮ್ಮೂರು ಮಸ್ಕಿಗೆ ತಂದದ್ದು ಆ ಮೂಲೆಯಲ್ಲೇ. ಅವರಲ್ಲಿ ಸತ್ತವರನ್ನು ಕೂರಿಸಿಯೇ ಒಯ್ಯುವುದು, ಕೂರಿಸಿಯೇ ಮಣ್ಣು ಮಾಡುವುದು.

ಅಪ್ಪ ಇದ್ದಾಗ ಓಣಿಯವರನ್ನೆಲ್ಲ ಹಾಗೆ ಒಯ್ದದ್ದು ಅವನ ಹಳೇ ಅಂಬಾಸಿಡರ್. ಹೊಲದಲ್ಲಿ ದೇಹ ಇಳಿಸಿದ ಮೇಲೂ ಅಪ್ಪ ಹಿಂದಿನ ಬಾಗಿಲು ತೆರೆದು, ಖಾಲಿ ಸೀಟಿಗೆ ಕೈಮುಗಿದು, “ಇಳೀರಿ, ನಿಮ್ಮ ಜಾಗ ಬಂತು” ಅನ್ನುತ್ತಿದ್ದ. ಹೇಳದಿದ್ದರೆ ಅವರು ಗಾಡಿಯಲ್ಲೇ ಉಳಿಯುತ್ತಾರೆ ಎಂಬುದು ಅವನ ನಂಬಿಕೆ. ವೀರೇಂದ್ರ ಅಂದು ಹೇಳಿರಲಿಲ್ಲ. ಮಣ್ಣು ಮುಗಿಯುವಷ್ಟರಲ್ಲಿ ಲೋಡಿಗೆ ಫೋನ್ ಬಂದಿತ್ತು. ಗಾಡಿ ತಿರುಗಿಸಿ ಹೊರಟುಬಿಟ್ಟಿದ್ದ.

ಮಿಲ್ಲಿನಿಂದ ಅವನು ನೇರ ಅವ್ವನನ್ನು ಮಣ್ಣು ಮಾಡಿದ ಹೊಲಕ್ಕೆ ಹೋದ. ಪಿಕಪ್ಪಿನ ಹಿಂದಿನ ಹಲಗೆ ಇಳಿಬಿಟ್ಟು, “ಇಳಿಯವ್ವ, ನಿನ್ನ ಜಾಗ ಬಂತು” ಎಂದ. ಬಿಸಿಲಲ್ಲಿ ಬಹಳ ಹೊತ್ತು ನಿಂತ. ಒಂದಾಳಿನ ಭಾರಕ್ಕೆ ಕುಗ್ಗಿದ್ದ ಗಾಡಿಯ ಹಿಂಬದಿ ಕುಗ್ಗಿದಂತೆಯೇ ಇತ್ತು.

ಮನೆಗೆ ಬಂದು ಹೆಂಡತಿ ಭಾಗ್ಯಶ್ರೀಗೆ ಎಲ್ಲವನ್ನೂ ಹೇಳಿದ. ಅವಳು ನಗಲಿಲ್ಲ.

“ಅಷ್ಟೆತ್ತರದಿಂದ ಅತ್ತಿ ಹೆಂಗ ಜಿಗೀಬೇಕ್ರೀ? ಅದಕ್ಕ ಬಾಗಲರ ಐತೇನು?”

“ಹೊಸಾ ಗಾಡಿ ಅದು. ಎರಡ್ಪಟ್ಟು ಹೇರಿದ್ರೂ ಎಳೀತೈತಿ.”

“ಅದನ್ನ ಅಂತಿದ್ರಲ್ಲ ಅತ್ತಿ. ‘ಕಾರಿನ್ಯಾಗ ಕುಂದ್ರತಾರ, ಇದರಾಗ ಹೇರತಾರ’ ಅಂತ. ಜೀವ ಇರೂತನ ಇದನ್ನ ಹತ್ತಲಿಲ್ಲ. ಮಾವನ ಕಾರ್ ತಗೀರಿ.”

ತಗಡಿನ ಶೆಡ್ಡಿನಲ್ಲಿ ಅಂಬಾಸಿಡರ್ ಅಪ್ಪ ಹೋದಾಗಿನಿಂದ ಸ್ಟಾರ್ಟ್ ಆಗದೆ ನಿಂತಿತ್ತು. ಪಿಕಪ್ಪನ್ನು ಅದರ ಪಕ್ಕಕ್ಕೆ ತಂದು, ಕಾರಿನ ಹಿಂದಿನ ಬಾಗಿಲು ತೆರೆದು ಇಬ್ಬರೂ ಕಾದರು. ಎಮ್ಮೆ ಮೇಲೆದ್ದ ಹಾಗೆ ಪಿಕಪ್ಪಿನ ಹಿಂಬದಿ ಮೆಲ್ಲಗೆ ಮೇಲೇರಿತು. ಕಾರಿನ ಸೀಟಿನ ಸ್ಪ್ರಿಂಗು ಕಿರ್ರೆಂದು ಒಂದು ಕಡೆ ತಗ್ಗಿತು. ಭಾಗ್ಯಶ್ರೀ ಬಗ್ಗಿ, ಸೆರಗು ಸಿಕ್ಕೀತೆಂಬಂತೆ ಅಂಚು ನೋಡಿ, ಬಾಗಿಲು ಹಾಕಿದಳು.

ಹಗ್ಗ ಕಟ್ಟಿ ಹೊರಟರು. ಮುಂದೆ ಪಿಕಪ್ ಓಡಿಸುತ್ತಿದ್ದವಳು ಅವಳು. ಹಿಂದೆ ಕಾರಿನ ಸ್ಟಿಯರಿಂಗ್ ಹಿಡಿದವನು ಅವನು. ಎಂಜಿನ್ ಸತ್ತ ಕಾರಿನೊಳಗೆ ಸದ್ದೇ ಇರಲಿಲ್ಲ. ಪಿಕಪ್ಪಿನ ಗದ್ದಲದಲ್ಲಿ ಒಂದು ವಾರ ಅವನಿಗೆ ಕೇಳಿಸದಿದ್ದುದು ಈಗ ಬೆನ್ನ ಹಿಂದೆಯೇ ಕೇಳಿಸಿತು: ಏರಿ ಇಳಿಯುವ, ತುಸು ಗೊರಗೊರ ಎನ್ನುವ ಉಸಿರು. ವಿಭೂತಿಯ ವಾಸನೆ ಬಂತು. ಅವನು ತಿರುಗಿ ನೋಡಲಿಲ್ಲ. ತಗ್ಗು ಬಂದಲ್ಲೆಲ್ಲ ಮೈ ಅಲುಗದಂತೆ ಮೆಲ್ಲಗೆ ಬ್ರೇಕ್ ಒತ್ತಿದ.

ಹೊಲ ಬಂತು. ಇಳಿದು ಹಿಂದಿನ ಬಾಗಿಲು ತೆರೆದ. ಸೀಟಿನ ತಗ್ಗು ಹಾಗೆಯೇ ಇತ್ತು. ಆಚೆ ಅವ್ವನ ಗದ್ದಿಗೆಯ ಹಸಿಮಣ್ಣು ಬಿರುಕು ಬಿಡತೊಡಗಿತ್ತು.

“ಹೇಳ್ರಿ,” ಎಂದಳು ಭಾಗ್ಯಶ್ರೀ.

ಅವನು ಕೈಮುಗಿದ. ಆದರೆ “ಇಳಿಯವ್ವ” ಅನ್ನದೆ, ಬಾಗಿಲನ್ನು ಮೆತ್ತಗೆ ಮುಚ್ಚಿ, ಬಿಸಿಲು ಬೀಳುತ್ತಿದ್ದ ಗಾಜಿಗೆ ತನ್ನ ಟವೆಲ್ಲು ಸಿಕ್ಕಿಸಿದ.

“ಇನ್ನೊಂದು ಸುತ್ತು ಹಾಕ್ಕೊಂಡು ಬರೂಣು,” ಎಂದ.

ಅವಳು ಹಿಂದಿನ ಸೀಟಿನತ್ತ ಒಮ್ಮೆ ನೋಡಿ, ಹೋಗಿ ಪಿಕಪ್ ಹತ್ತಿದಳು. ಹಗ್ಗ ಬಿಗಿಯಿತು.