ಅಳಿಯನ ಕೋಣೆ

ಉಝ್ಮಾಳ ಮದುವೆ ಹತ್ತಿರ ಬಂದಾಗ ಅವಳ ತಾಯಿ ರಹ್ಮತ್ ಮೆಲ್ಕಾರಿನ ಮನೆಯನ್ನು ಹಗುರ ಮಾಡಲು ಹೊರಟಳು. ಹರಿದ ಚಾಪೆ, ತಳ ಹೋದ ಪಾತ್ರೆ, ತಿರುಗದ ಫ್ಯಾನು ಎಲ್ಲ ಗುಜರಿಯವನ ಪಾಲಾದವು. ಕೊನೆಗೆ ಉಳಿದದ್ದು ರಸ್ತೆ ಬದಿಯ ಕೋಣೆ. ಇವರಲ್ಲಿ ಅಳಿಯ ಬಂದು ಉಳಿಯುವುದು ಹೆಂಡತಿಯ ಮನೆಯಲ್ಲಿ. ಅವನಿಗೆಂದೇ ಒಂದು ಕೋಣೆ ಬೇಕು. ಈ ಕೋಣೆ ಹಿರಿಯ ಮಗಳು ರಶೀನಾಳ ಗಂಡ ಮುಝಮ್ಮಿಲನದ್ದು. ಅವನು ದುಡಿಯಲು ಹೋದ ಗಲ್ಫಿನ ಜುಬೈಲಿನಿಂದ ಬಾರದೆ ಮೂರು ವರ್ಷವಾಗಿತ್ತು. ಈಚೆಗೆ ಫೋನೂ ಇಲ್ಲ.

"ಮದುವೆಗೆ ಬಂದೇ ಬರ್ತಾರೆ ಉಮ್ಮ," ಎಂದಳು ರಶೀನಾ.

"ಬಂದರೆ ಚಾವಡಿಯಲ್ಲಿ ಮಲಗಲಿ. ಹೊಸ ಅಳಿಯನನ್ನು ನಾನು ಎಲ್ಲಿ ಕೂರಿಸುವುದು, ಬಾವಿಕಟ್ಟೆಯಲ್ಲಾ?"

"ಕಪಾಟಿನ ಒಂದು ಬದಿಯಾದರೂ ಬಿಡಿ."

"ಹೊಸಬನ ಶರ್ಟಿನ ಪಕ್ಕ ಇನ್ನೊಬ್ಬನದ್ದಾ? ಗಂಡಿನ ಕಡೆಯವರು ನಗಾಡ್ತಾರೆ."

ಮರುದಿನ ರಶೀನಾ ಪಾಣೆಮಂಗಳೂರಿನ ಟೈಲರನಲ್ಲಿಗೆ ಹೋಗಿ ಬರುವಷ್ಟರಲ್ಲಿ ಕೋಣೆ ಬರಿದಾಗಿತ್ತು. ಗೋಡೆಯಲ್ಲಿ ಹಸಿ ಸುಣ್ಣದ ವಾಸನೆ.

"ಅವರ ಸಾಮಾನು ಎಲ್ಲಿ?"

"ಬಿಸಾಡಲಿಲ್ಲ ಮಾರಾಯ್ತಿ. ಆಚೆಮನೆ ಮಹಮ್ಮದ್ ಕುಂಞಿಯ ಪಿಕಪ್ ಬೆಳ್ತಂಗಡಿಗೆ ಹೋಗ್ತಿತ್ತು. ಲಾಯಿಲಕ್ಕೆ, ಮುಝಮ್ಮಿಲನ ತಾಯಿ ಮನೆಗೆ ಕಳಿಸಿದೆ. ಅಲ್ಲಿ ಜಾಗ ಉಂಟಲ್ಲ."

ರಶೀನಾ ಟೈಲರನ ಚೀಲವನ್ನು ಹೊಸ್ತಿಲಲ್ಲೇ ಇಟ್ಟಳು. "ಉಮ್ಮ, ಗಂಡನ ಬಟ್ಟೆ ಅವನ ಮನೆಗೆ ಕಳಿಸಿದರೆ ಸಂಬಂಧ ಬೇಡ ಅಂದ ಹಾಗೆ ಅಲ್ವಾ? ನಿಮಗೆ ಗೊತ್ತಿಲ್ವಾ?"

ರಹ್ಮತ್‌ಳ ಕೈಯ ಹಿಡಿಸೂಡಿ ನಿಂತಿತು. ಊರಿಗೆಲ್ಲ ಗೊತ್ತಿದ್ದ ಮಾತು. ಗುಡಿಸುವ ಭರದಲ್ಲಿ ಅವಳಿಗೆ ಮಾತ್ರ ನೆನಪಾಗಿರಲಿಲ್ಲ. "ಯಾ ಅಲ್ಲಾಹ್, ನಾನು ಜಾಗ ಮಾತ್ರ ನೋಡಿದೆ," ಎಂದಳು.

ರಶೀನಾ ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದಳು. ಲಾಯಿಲದಲ್ಲಿ ಅತ್ತೆ ಆಸಿಯಮ್ಮ ಮಗನ ಶರ್ಟುಗಳನ್ನು ಒಂದೊಂದಾಗಿ ಮಡಚಿ ಕಪಾಟಿನಲ್ಲಿ ಇಡುತ್ತಿದ್ದಳು. ಕಪಾಟಿನ ಎರಡು ಖಾನೆಗಳನ್ನು ಅವಳು ಅದಾಗಲೇ ಖಾಲಿ ಮಾಡಿಯಾಗಿತ್ತು.

"ಮಾಮಿ, ಉಮ್ಮನಿಗೆ ತಪ್ಪಾಯ್ತು. ಸುಣ್ಣ ಹೊಡೆಯಲಿಕ್ಕೆ ಅಂತ ಕೋಣೆ ಖಾಲಿ ಮಾಡಿದ್ದು, ಬೇರೇನಿಲ್ಲ. ನಾನು ವಾಪಸ್ ಕೊಂಡುಹೋಗ್ತೇನೆ."

ಆಸಿಯಮ್ಮ ಬೈಯಲಿಲ್ಲ. ಬೈದಿದ್ದರೆ ರಶೀನಾಳಿಗೆ ಧೈರ್ಯ ಬರುತ್ತಿತ್ತು. ಅತ್ತೆ ನೀರು ತಂದುಕೊಟ್ಟು, ಪಕ್ಕ ಕೂತು, ಮೆಲ್ಲಗೆ ಹೇಳಿದಳು: "ಮೊನ್ನೆ ಅವನ ಫೋನ್ ಬಂದಿತ್ತು ಮಗಳೇ. ರಜೆಯಲ್ಲಿ ಬಂದರೆ ಇಲ್ಲಿಗೇ ಬರ್ತೇನೆ, ಮೆಲ್ಕಾರಿಗೆ ಇನ್ನು ಇಲ್ಲ ಅಂದ. ನಿಮಗೆ ಹೇಗೆ ಹೇಳುವುದು ಅಂತ ನನಗೆ ಊಟ ಸೇರ್ತಿರಲಿಲ್ಲ. ಬೇಡ ಅಂತ ನಿಮ್ಮ ಕಡೆಯಿಂದಲೇ ಬಂತಲ್ಲ, ಒಳ್ಳೆದಾಯ್ತು."

"ನಮ್ಮ ಕಡೆಯಿಂದ ಬಂದದ್ದಲ್ಲ!"

ರಶೀನಾ ಎದ್ದು ಕಪಾಟಿನಿಂದ ಶರ್ಟುಗಳನ್ನು ಎಳೆದೆಳೆದು ಚೀಲಕ್ಕೆ ತುಂಬತೊಡಗಿದಳು. ಮಡಿಕೆ ಬಿಚ್ಚಿತು, ತೋಳುಗಳು ಹೊರಗೆ ನೇತಾಡಿದವು. ಆಸಿಯಮ್ಮ ತಡೆಯಲಿಲ್ಲ.

"ಕೊಂಡುಹೋಗಿ ಎಲ್ಲಿ ಇಡ್ತಿ?" ಎಂದು ಮಾತ್ರ ಕೇಳಿದಳು.

ರಶೀನಾ ನೇತಾಡುತ್ತಿದ್ದ ಒಂದು ತೋಳನ್ನು ಚೀಲದೊಳಗೆ ತುರುಕಿದಳು.

"ಅಡಿಗೆಕೋಣೆಯಲ್ಲಿ," ಎಂದಳು. "ಅಕ್ಕಿ ಡ್ರಮ್ಮಿನ ಮೇಲೆ ಇಡ್ತೇನೆ." ಮತ್ತೆ ತುಂಬತೊಡಗಿದಳು.